ಭೌತಶಾಸ್ತ್ರದ ಉಪಾಧ್ಯಾಯನಾಗುವ ವ್ಯಾಸಂಗ



ಮೇಲಕ್ಕೆ ಎಸೆದ ಕಲ್ಲೊಂದು ತನ್ನ ಏರಿಕೆಯ ತುತ್ತತುದಿಯನ್ನು ಮುಟ್ಟಿ, ಕೆಳಗಿಳಿಯುವ ಮುನ್ನ ಕ್ಷಣಮಾತ್ರ ನಿಂತಂತೆ ತೋರುವಾಗ ಅದರ ವೇಗೋತ್ಕರ್ಷವೆಷ್ಟು ಎಂದು ಪ್ರೌಢಶಾಲೆಯ ಮಕ್ಕಳನ್ನು ಕೇಳಿದರೆ, ಅನೇಕರು ಸೊನ್ನೆಯೆಂದೇ ಉತ್ತರಿಸುವರು. ಆಗ ಸೊನ್ನೆಯಾಗಿರುವುದು ವೇಗ ಮಾತ್ರ. ಭೂಮಿಯ ಸೆಳೆತವು ಕಲ್ಲನ್ನು ಒಂದು ನಿಮಿಷಾರ್ಧವೂ ಬಿಡದಿರುವುದರಿಂದ, ಅದರ ವೇಗವು ಆ ತುದಿಯಲ್ಲಿಯೂ ಪ್ರತಿ ಸೆಕೆಂಡಿನಲ್ಲೂ ಸೆಕೆಂಡಿಗೆ 9.8 ಮೀಟರಿನ ಲೆಕ್ಕದಲ್ಲಿಯೇ ಬದಲಾಗುತ್ತಿರುತ್ತದೆ. ಇಷ್ಟನ್ನು ಬಲ್ಲವನು ಪದವೀಧರನಾದಾನು. ಆದರೆ ವೇಗವನ್ನೂ ವೇಗದ ಬದಲಾವಣೆಯನ್ನೂ ಮಗುವಿನ ಮನಸ್ಸು ಎಲ್ಲಿ ಒಂದಾಗಿ ಬೆರೆಸಿಕೊಂಡಿತೆಂಬುದನ್ನು ಅರಿತು, ಆ ತೊಡಕನ್ನು ನೋವಾಗದಂತೆ ಬಿಡಿಸಬಲ್ಲವನನ್ನೇ ನಾನು ಉಪಾಧ್ಯಾಯನೆಂದು ಕರೆಯುತ್ತೇನೆ.

ಮೊದಲು ಬಿ.ಎಸ್ಸಿ., ತರುವಾಯ ಬಿ.ಎಡ್. ಎಂಬುದು ನಮ್ಮಲ್ಲಿ ರೂಢವಾದ ಕ್ರಮ. ವಿಷಯಜ್ಞಾನವೂ ಬೋಧನವಿದ್ಯೆಯೂ ಹೀಗೆ ಹಿಂದುಮುಂದಾಗಿ ಬರದೆ ಜೊತೆಜೊತೆಯಾಗಿಯೇ ಬೆಳೆಯಲೆಂಬ ಆಶಯವು, 1963ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾಗಿ ಇಂದು ಪ್ರಾದೇಶಿಕ ಶಿಕ್ಷಣ ಸಂಸ್ಥೆಯೆಂದು ಹೆಸರಾಗಿರುವ ವಿದ್ಯಾಲಯದ ನಾಲ್ಕು ವರ್ಷಗಳ ಬಿ.ಎಸ್ಸಿ.ಎಡ್. ವ್ಯಾಸಂಗದಲ್ಲಿ ರೂಪುಗೊಂಡಿತು. ಅಜ್ಮೇರ, ಭೋಪಾಲ, ಭುವನೇಶ್ವರಗಳಲ್ಲಿಯೂ ಇದರ ಸೋದರ ಸಂಸ್ಥೆಗಳಿವೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳನ್ನು ಓದುತ್ತಿರುವಾಗಲೇ ಶಿಕ್ಷಣಶಾಸ್ತ್ರವನ್ನೂ ಮಕ್ಕಳ ಮನೋಧರ್ಮವನ್ನೂ ಇಲ್ಲಿ ಅಭ್ಯಸಿಸುವರು. ಆವರಣದೊಳಗೇ ಒಂದು ಶಾಲೆಯೂ ಇದೆ.

ಈ ವ್ಯಾಸಂಗದ ಜೀವಾಳವು ಬೋಧನಾಭ್ಯಾಸವೆಂದು ನಾನು ದೃಢವಾಗಿ ನಂಬಿದ್ದೇನೆ. ಪಾಠಯೋಜನೆಯನ್ನು ಎಷ್ಟು ಅಂದವಾಗಿ ಬರೆದಿದ್ದರೂ, ಸೀಮೆಸುಣ್ಣವನ್ನು ಹಿಡಿದು ನಲವತ್ತು ಜೊತೆ ಕಣ್ಣುಗಳೆದುರು ನಿಂತಾಗ, ತಾನು ತಿಳಿದೆನೆಂದುಕೊಂಡಿದ್ದುದರಲ್ಲಿ ಎಷ್ಟು ಭಾಗ ಬರಿಯ ಸೂತ್ರದ ಕಂಠಪಾಠವಾಗಿತ್ತೆಂಬುದು ಆ ಯುವಕನಿಗೋ ಯುವತಿಗೋ ಥಟ್ಟನೆ ಗೋಚರಿಸುವುದು. ಹಿಂದಿನ ಬೆಂಚಿನಲ್ಲಿ ಕುಳಿತು ಟಿಪ್ಪಣಿ ಮಾಡುತ್ತಿರುವ ಮಾರ್ಗದರ್ಶಕರಿಗಿಂತ, ಮುಂದಿನ ಸಾಲಿನ ಮಗುವಿನ ಹುಬ್ಬುಗಂಟೇ ಆಗ ದೊಡ್ಡ ಪರೀಕ್ಷಕನಾಗುತ್ತದೆ.

ಲೋಲಕದ ಪಾಠವನ್ನೇ ನೋಡಿ. ನೀವೂ ಮನೆಯಲ್ಲಿ ಒಂದು ಮೀಟರು ದಾರಕ್ಕೆ ಕಲ್ಲು ಕಟ್ಟಿ ಮೆಲ್ಲನೆ ತೂಗಿಬಿಡಬಹುದು. ಹೋಗಿಬರುವುದನ್ನು ಒಂದೆಂದು ಎಣಿಸಿದರೆ, ನಿಮಿಷಕ್ಕೆ ಸುಮಾರು 30 ಆಂದೋಲನಗಳಾಗುವುವು. ಭಾರವಾದ ಕಲ್ಲನ್ನು ಕಟ್ಟಿದರೆ ಬೇಗ ತೂಗೀತೆಂದು ಮಕ್ಕಳು ಸಾಮಾನ್ಯವಾಗಿ ಊಹಿಸುವರು. ಅನುಭವವಿಲ್ಲದ ಬೋಧಕನು ಕೂಡಲೇ ಅದು ತಪ್ಪೆಂದು ಹೇಳಿ, ಸೂತ್ರವನ್ನು ಹಲಗೆಯ ಮೇಲೆ ಬರೆದುಬಿಡುವನು. ಪಳಗಿದವನಾದರೋ ದೊಡ್ಡ ಕಲ್ಲನ್ನು ಅವರ ಕೈಗೇ ಕೊಟ್ಟು, ದಾರದ ಉದ್ದ ಮಾತ್ರ ವ್ಯತ್ಯಾಸವಾಗದಂತೆ ಕಟ್ಟಿಸಿ, ಗಡಿಯಾರವನ್ನು ನೋಡಿ ಎಣಿಸಿರೆಂದು ಹೇಳಿ ಸುಮ್ಮನಾಗುವನು. ಮತ್ತೆ 30! ಹಾಗಾದರೆ ಬೇಗ ತೂಗಿಸುವುದು ಹೇಗೆಂದು ಮಕ್ಕಳೇ ತಮ್ಮತಮ್ಮಲ್ಲಿ ಚರ್ಚಿಸತೊಡಗುವರು. ಯಾರೋ ಒಬ್ಬಳು ದಾರವನ್ನು ಗಿಡ್ಡ ಮಾಡೋಣವೆನ್ನುವಳು. ಕಾಲು ಮೀಟರಿಗೆ ಇಳಿಸಿ ಎಣಿಸಿದಾಗ ಲೆಕ್ಕವು 60ರ ಸಮೀಪಕ್ಕೆ ಬರುತ್ತದೆ. ಉದ್ದವು ನಾಲ್ಕರಲ್ಲೊಂದಾದರೂ ಎಣಿಕೆಯು ಇಮ್ಮಡಿ ಮಾತ್ರವೇಕೆ ಆಯಿತೆಂದು ಅವಳೇ ಎದ್ದು ನಿಂತು ಕೇಳುವಳು.