ಸೃಷ್ಟಿಕರ್ತ ದೇವರು ಮತ್ತು ನಮ್ಮ ನೆಲಜಲ

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ದೇವಾಲಯವೊಂದು ನೂರು ವರ್ಷಗಳನ್ನು ಪೂರೈಸುವುದು ಧನ್ಯತೆಯ ಗಳಿಗೆ. ಈ ದೇವಾಲಯದ ಕಥೆಯನ್ನು ನನಗಿಂತ ಚೆನ್ನಾಗಿ ಹೇಳಬಲ್ಲ ಹಿರಿಯರು ಈ ಸಭೆಯಲ್ಲಿಯೇ ಇದ್ದಾರೆ. ನನಗೆ ಒಪ್ಪಿಸಲಾದ ವಿಷಯವು ಅದಕ್ಕಿಂತಲೂ ಹಳೆಯದು. ಭೂಮ್ಯಾಕಾಶಗಳನ್ನು ದೇವರೇ ಸೃಷ್ಟಿಸಿದರೆಂದು ನಾವು ಭಾನುವಾರದ ಬಲಿಪೂಜೆಯಲ್ಲಿ ವಿಶ್ವಾಸವನ್ನು ನಿವೇದಿಸುತ್ತೇವೆ. ಆ ಮಾತಿನ ಅರ್ಥವೇನು? ಸೃಷ್ಟಿಸಿದ ಮೇಲೆ ದೇವರಿಗೂ ಈ ಜಗತ್ತಿಗೂ ಇರುವ ಸಂಬಂಧವೇನು?

ಹಾಸನ ಜಿಲ್ಲೆಯಲ್ಲಿ ನಿಂತು ಈ ಪ್ರಶ್ನೆಯನ್ನು ಕೇಳಿಕೊಂಡರೆ ಶೆಟ್ಟಿಹಳ್ಳಿಯು ಕಣ್ಣ ಮುಂದೆ ಬಾರದೆ ಇರದು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಹೇಮಾವತಿಯ ತೀರದಲ್ಲಿ ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯ ಅಲ್ಲಿದೆ. ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಸುಮಾರು 37 ಟಿ.ಎಂ.ಸಿ. ನೀರನ್ನು ಹಿಡಿಯುವ ಆ ಜಲಾಶಯಕ್ಕಾಗಿ ಹಲವು ಹಳ್ಳಿಗಳ ಜನರು ಮನೆಮಠಗಳನ್ನು ತೊರೆದರು. ಇಂದಿಗೂ ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಆ ದೇವಾಲಯವು ನೀರಿನಲ್ಲಿ ಮುಳುಗಿ ನಿಲ್ಲುತ್ತದೆ. ಬೇಸಗೆಯಲ್ಲಿ ನೀರು ಇಳಿದಾಗ ಚಾವಣಿಯಿಲ್ಲದ ಗೋಡೆಗಳೂ ಕಮಾನುಗಳೂ ಹೊರಗೆ ಕಾಣುತ್ತವೆ. ತಾನು ಜ್ಞಾನಸ್ನಾನ ಪಡೆದ ಪೀಠದ ಮುಂದೆ ಮೀನು ಈಜುವುದನ್ನು ನೆನೆದವನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ: ನೀರನ್ನು ಸೃಷ್ಟಿಸಿದ ದೇವರು ತಮ್ಮ ಮನೆಯನ್ನೇ ನೀರಿಗೆ ಬಿಟ್ಟುಕೊಟ್ಟರೇ?

ಉತ್ತರಕ್ಕಾಗಿ ಮೊದಲು ಆದಿಕಾಂಡದತ್ತ ನೋಡೋಣ. ಇಸ್ರಯೇಲರ ನೆರೆಹೊರೆಯ ಜನಾಂಗಗಳು ಸೂರ್ಯಚಂದ್ರರನ್ನು ದೇವತೆಗಳೆಂದು ಪೂಜಿಸುತ್ತಿದ್ದವು. ಆದಿಕಾಂಡದಲ್ಲಾದರೋ ಅವು ನಾಲ್ಕನೆಯ ದಿನ ಬೆಳಗಿಸಲ್ಪಟ್ಟ ದೀಪಗಳು ಮಾತ್ರ. ಜಗತ್ತು ದೇವರಲ್ಲ, ಆದರೆ ಅದು ಹೀನವೂ ಅಲ್ಲ, ಮಾಯೆಯೂ ಅಲ್ಲ. ದೇವರೇ ಅದನ್ನು ನೋಡಿ ಒಳ್ಳೆಯದೆಂದು ಮೆಚ್ಚಿಕೊಂಡರು. ದೇವರು ಯಾವ ಕೊರತೆಯನ್ನು ನೀಗಿಕೊಳ್ಳಲೂ ಅಲ್ಲ, ಯಾರ ಒತ್ತಾಯಕ್ಕೂ ಅಲ್ಲ, ತಮ್ಮ ಒಳಿತನ್ನು ಹಂಚುವುದಕ್ಕಾಗಿಯೇ ಶೂನ್ಯದಿಂದ ಸೃಷ್ಟಿಸಿದರೆಂದು 1870ರಲ್ಲಿ ಪ್ರಥಮ ವ್ಯಾಟಿಕನ್ ಮಹಾಸಭೆಯು ಬೋಧಿಸಿತು.

ಸೃಷ್ಟಿ ಎಂದರೆ ಎಂದೋ ನಡೆದು ಮುಗಿದ ಕೆಲಸವೆಂದು ನಮ್ಮಲ್ಲಿ ಅನೇಕರು ಭಾವಿಸುತ್ತಾರೆ. ಕುಂಬಾರನು ಮಡಕೆ ಮಾಡಿಟ್ಟು ಹೋದರೂ ಮಡಕೆ ಉಳಿಯುತ್ತದೆ. ದೇವರ ಸೃಷ್ಟಿ ಹಾಗಲ್ಲವೆಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. ನಮ್ಮ ಕಡೆಯ ಉದಾಹರಣೆಯಿಂದಲೇ ಇದನ್ನು ತಿಳಿಯಬಹುದು. ಕೆರೆ ಒಮ್ಮೆ ತುಂಬಿದರೆ ತಿಂಗಳುಗಟ್ಟಲೆ ನೀರು ನಿಲ್ಲುತ್ತದೆ. ನಾಲೆಯಲ್ಲಿ ಹಾಗಲ್ಲ, ತೂಬು ಮುಚ್ಚಿದೊಡನೆ ಅದು ಬತ್ತತೊಡಗುತ್ತದೆ. ಈ ಜಗತ್ತು ಕೆರೆಯಂತಲ್ಲ, ನಾಲೆಯಂತೆ. ಈ ಗಳಿಗೆಯಲ್ಲಿಯೂ ದೇವರು ಇರವನ್ನು ನೀಡುತ್ತಿರುವುದರಿಂದಲೇ ಅದು ಇದೆ. ಈ ಹೋಲಿಕೆಗೂ ಒಂದು ಮಿತಿಯುಂಟು: ನಾಲೆಯ ನೀರು ಜಲಾಶಯದ ನೀರೇ, ಜಗತ್ತು ಮಾತ್ರ ದೇವರ ತುಣುಕಲ್ಲ, ಅದು ಅವರ ಕೊಡುಗೆ.

ಆದುದರಿಂದ ವಿಜ್ಞಾನಕ್ಕೆ ನಾವು ಅಂಜಬೇಕಾಗಿಲ್ಲ. ವಿಶ್ವವು ಒಂದು ಆದಿಮ ಅಣುವಿನಿಂದ ಹಿಗ್ಗಿತೆಂದು 1931ರಲ್ಲಿ ಸೂಚಿಸಿದ ಜಾರ್ಜ್ ಲಮೇತ್ರ್ ಅವರು ಬೆಲ್ಜಿಯಂ ದೇಶದ ಕಥೋಲಿಕ ಗುರುಗಳು. ಆದರೂ ತಮ್ಮ ಸಿದ್ಧಾಂತವನ್ನು ಸೃಷ್ಟಿಯ ಬೋಧನೆಗೆ ಪುರಾವೆಯಾಗಿ ಬಳಸುವುದನ್ನು ಅವರು ಒಪ್ಪಲಿಲ್ಲ. ಜಗತ್ತು ಹೇಗೆ ಬೆಳೆಯಿತೆಂಬುದು ವಿಜ್ಞಾನದ ಪ್ರಶ್ನೆ. ಜಗತ್ತು ಏಕಾದರೂ ಇದೆ ಎಂಬುದು ವಿಶ್ವಾಸದ ಪ್ರಶ್ನೆ.

ಈಗ ಶೆಟ್ಟಿಹಳ್ಳಿಗೆ ಮರಳೋಣ. ಅಣೆಕಟ್ಟನ್ನು ಕಟ್ಟಿದವರು ಮನುಷ್ಯರು. ದೇವರು ಮನುಷ್ಯನಿಗೆ ನಿಜವಾದ ಬುದ್ಧಿಯನ್ನೂ ಸ್ವಾತಂತ್ರ್ಯವನ್ನೂ ಕೊಟ್ಟಿದ್ದಾರೆ. ಆದ್ದರಿಂದ ನಮ್ಮ ನಿರ್ಣಯಗಳ ಹೊಣೆಯನ್ನು ಅವರ ಮೇಲೆ ಹೊರಿಸಲಾಗದು. ಆ ನಿರ್ಣಯದಿಂದ ಒಳಿತೂ ಆಯಿತು. ಎಡದಂಡೆಯ ನಾಲೆ ಚನ್ನರಾಯಪಟ್ಟಣದ ಕಡೆಗೂ ಮುಂದೆ ತುಮಕೂರು ಜಿಲ್ಲೆಗೂ ನೀರನ್ನು ಒಯ್ದಿತು. ಬಲದಂಡೆಯ ನಾಲೆಗಳು ಅರಕಲಗೂಡು, ಹೊಳೆನರಸೀಪುರಗಳ ಹೊಲಗದ್ದೆಗಳಿಗೆ ಹರಿದವು. ಆದರೆ ಒಬ್ಬರ ಹೊಲ ಹಸಿರಾದುದು ಇನ್ನೊಬ್ಬರ ಒಲೆ ಆರಿದ ಮೇಲೆ ಎಂಬುದನ್ನು ಮರೆಯುವ ಹಕ್ಕು ನಮಗಿಲ್ಲ.

ಕ್ರಿಸ್ತಪೂರ್ವ 587ರ ಸುಮಾರಿಗೆ ಜೆರುಸಲೇಮಿನ ಮಹಾದೇವಾಲಯ ನಾಶವಾಯಿತು. ಜನರು ಬಾಬಿಲೋನಿಗೆ ಸೆರೆಹೋದರು. ಆದಿಕಾಂಡದ ಮೊದಲ ಅಧ್ಯಾಯವು ಇಂದಿನ ರೂಪವನ್ನು ಪಡೆದದ್ದು ಆ ದುಃಖದ ಕಾಲದಲ್ಲಿ ಎಂಬುದು ಅನೇಕ ಬೈಬಲ್ ವಿದ್ವಾಂಸರ ಅಭಿಪ್ರಾಯ. ದೇವಾಲಯವನ್ನು ಕಳೆದುಕೊಂಡ ಜನರೇ ಭೂಮ್ಯಾಕಾಶಗಳೆಲ್ಲವೂ ದೇವರವೆಂದು ಸಾರಿದರು! ಕಟ್ಟಡ ಹೋದಲ್ಲಿ ದೇವರು ಹೋಗುವುದಿಲ್ಲ. ಅವರು ಊರು ತೊರೆದವರ ಜೊತೆಯಲ್ಲಿಯೇ ನಡೆದರು. ಹೊಸ ನೆಲೆಯ ಬಲಿಪೀಠದಲ್ಲಿ ಅದೇ ಪರಮಪ್ರಸಾದವಾಗಿ ದೊರೆತರು. ಸೃಷ್ಟಿಯ ಒಳಗೇ ಮನುಷ್ಯರಾಗಿ ಬಂದು, ಜೋರ್ಡನ್ ನದಿಯ ನೀರಿಗೆ ಇಳಿದ ಯೇಸುಸ್ವಾಮಿಗೆ ಯಾವ ನೀರೂ ಪರಕೀಯವಲ್ಲ.

ಸಹೋದರರೇ, ಇದರಿಂದ ನಮ್ಮ ಹೊಣೆಯೂ ಹುಟ್ಟುತ್ತದೆ. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ಮನುಷ್ಯನಿಗೆ ತೋಟವನ್ನು ಒಪ್ಪಿಸಿದ್ದು ಸಾಗುವಳಿ ಮಾಡುವುದಕ್ಕೂ ಕಾಯುವುದಕ್ಕೂ; ಸೂರೆ ಮಾಡುವುದಕ್ಕಲ್ಲ. ಗೊರೂರಿನ ಅಣೆಕಟ್ಟು ಪೂರ್ಣಗೊಂಡ 1979ರಲ್ಲಿಯೇ ದ್ವಿತೀಯ ಜಾನ್ ಪಾಲ್ ಜಗದ್ಗುರುಗಳು ಅಸಿಸಿಯ ಸಂತ ಫ್ರಾನ್ಸಿಸರನ್ನು ಪರಿಸರದ ಪಾಲಕರೆಂದು ಘೋಷಿಸಿದರು. 2015ರಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ‘ಲೌದಾತೋ ಸಿ’ ಎಂಬ ವಿಶ್ವಪತ್ರದಲ್ಲಿ ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಾಗಿ ಕೇಳಿಸಿಕೊಳ್ಳುವಂತೆ ನಮ್ಮನ್ನು ಕರೆದರು. ನಾಲೆಯ ಮೇಲ್ಭಾಗದ ರೈತನು ಮಿತಿಮೀರಿ ನೀರು ತಿರುಗಿಸಿಕೊಂಡರೆ ಕೊನೆಯ ಭಾಗದ ರೈತನ ಗದ್ದೆ ಒಣಗುತ್ತದೆ. ಕೆರೆಯ ಅಂಗಳವನ್ನು ಒತ್ತುವರಿ ಮಾಡಿದರೆ ಊರಿನ ಬಾವಿ ಬತ್ತುತ್ತದೆ. ಇವು ಕೇವಲ ಲೌಕಿಕ ವ್ಯವಹಾರಗಳಲ್ಲ. ಪಾಪನಿವೇದನೆಗೆ ಮೊದಲು ಆತ್ಮಶೋಧನೆಯಲ್ಲಿ ನೆನೆಯಬೇಕಾದ ವಿಷಯಗಳು.

ನೂರು ವರ್ಷಗಳ ಕಾಲ ಈ ದೇವಾಲಯದ ಬಾಗಿಲಲ್ಲಿ ನಾವು ತೀರ್ಥಕ್ಕೆ ಬೆರಳದ್ದಿ ಶಿಲುಬೆಯ ಗುರುತು ಹಾಕಿಕೊಂಡಿದ್ದೇವೆ. ಇಂದು ಮನೆಗೆ ಮರಳುವಾಗ ಆ ಹನಿಯನ್ನು ಮತ್ತೊಮ್ಮೆ ಮುಟ್ಟಿ, ಅದನ್ನು ಕೊಟ್ಟ ದೇವರನ್ನೂ ಅದಕ್ಕಾಗಿ ಊರು ತೊರೆದ ನೆರೆಯವರನ್ನೂ ನೆನೆಯೋಣ. ಸೃಷ್ಟಿಕರ್ತರಾದ ದೇವರು ನಮ್ಮೆಲ್ಲರನ್ನೂ, ನಮ್ಮ ನೆಲಜಲಗಳನ್ನೂ ಆಶೀರ್ವದಿಸಲಿ.