ಮನೆಯ ದೂರವಾಣಿ ಮೂಕವಾದಾಗ



ರಾಜಾಜಿನಗರದ ನಮ್ಮ ಮನೆಗೆ ದೂರವಾಣಿ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಅಲ್ಲಿಯವರೆಗೆ ನಮ್ಮದು ಎದುರುಮನೆಯವರ ಪಿ.ಪಿ. ನಂಬರು. ಆಮೇಲೆ ಹಜಾರದಲ್ಲಿ ಒಂದು, ತಂದೆಯವರ ಕೋಣೆಯಲ್ಲಿ ಒಂದು, ಮಹಡಿಯಲ್ಲಿ ಮತ್ತೊಂದು, ಹೀಗೆ ಒಂದೇ ತಂತಿಗೆ ಮೂರು ಗಂಟೆಗಳಾದವು. ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಉಪನಗರಗಳ ಎಷ್ಟೋ ಹಳೆಯ ಮನೆಗಳಲ್ಲಿ ಇಂಥ ತಂತಿ ಇಂದಿಗೂ ಬಾಗಿಲ ಚೌಕಟ್ಟಿನ ಅಂಚಿನಲ್ಲಿ, ಸುಣ್ಣಬಣ್ಣದ ಪದರಗಳ ಅಡಿಯಲ್ಲಿ ಮಲಗಿದೆ.

2023ರ ಮಳೆಗಾಲದ ಒಂದು ರಾತ್ರಿ ಆ ಮನೆಯಲ್ಲಿ ನಮ್ಮ ತಾಯಿಯವರು ಒಬ್ಬರೇ ಇದ್ದರು. ಕರೆಂಟು ಹೋಗಿತ್ತು. ಬಚ್ಚಲುಮನೆಯ ಹೊಸ್ತಿಲಲ್ಲಿ ಜಾರಿ ಬಿದ್ದರು. ತೆವಳಿಕೊಂಡು ಹಜಾರಕ್ಕೆ ಬಂದು ರಿಸೀವರ್ ಎತ್ತಿದರೆ ಸದ್ದೇ ಇಲ್ಲ. ಮೊಬೈಲು ಮಹಡಿಯ ಮೇಲಿತ್ತು. ಪುಣ್ಯಕ್ಕೆ ಪಕ್ಕದ ಮನೆಯವರಿಗೆ ಕೂಗು ಕೇಳಿಸಿತು, ಕಾಲು ಉಳುಕಿದ್ದಷ್ಟೇ. ಆ ಮನೆಗೆ ಆಪ್ಟಿಕಲ್ ಫೈಬರ್ ಹಾಕಿಸಿ ಹಳೆಯ ತಾಮ್ರದ ಸಂಪರ್ಕವನ್ನು ಬಿಡಿಸಿದವನು ನಾನೇ. ಭೌತಶಾಸ್ತ್ರ ಓದಿದ ನಾನು ಒಂದು ಸರಳ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ: ಈ ಫೋನಿಗೆ ವಿದ್ಯುತ್ತು ಬರುವುದು ಎಲ್ಲಿಂದ?

ಹಳೆಯ ಫೋನಿಗೆ ಅದು ಎಕ್ಸ್‌ಚೇಂಜಿನಿಂದ ಬರುತ್ತಿತ್ತು. ಅಲ್ಲಿನ ಬ್ಯಾಟರಿಗಳ 48 ವೋಲ್ಟ್ ವಿದ್ಯುತ್ತು ಆ ಎರಡೆಳೆ ತಾಮ್ರದಲ್ಲೇ ನಮ್ಮ ಮನೆಗೆ ಹರಿದು ಬರುತ್ತಿತ್ತು. ಇಡೀ ಬಡಾವಣೆ ಕತ್ತಲಲ್ಲಿದ್ದರೂ ಫೋನು ಮಾತಾಡುತ್ತಿತ್ತು. ಫೈಬರಿನಲ್ಲಿ ಬರುವುದು ಬೆಳಕು, ವಿದ್ಯುತ್ತಲ್ಲ. ಗೋಡೆಯ ಮೇಲೆ ಕೂರಿಸಿರುವ ಪೆಟ್ಟಿಗೆ, ಅಂದರೆ ಓ.ಎನ್.ಟಿ., ನಿಮ್ಮ ದನಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 8000 ಸಲ ಅಳೆದು ಅಂಕಿಗಳನ್ನಾಗಿ ಮಾಡುತ್ತದೆ. ಆ ಅಂಕಿಗಳನ್ನು ಪುಟ್ಟ ಪುಟ್ಟ ಕಟ್ಟುಗಳಾಗಿ ಕಳುಹಿಸುತ್ತದೆ. ಡಯಲ್ ಟೋನ್ ಕೇಳಿಸುವುದೂ, ಗಂಟೆ ಬಾರಿಸುವುದೂ ಈಗ ಅದೇ ಪೆಟ್ಟಿಗೆ. ಎಕ್ಸ್‌ಚೇಂಜಿನ ಒಂದು ತುಣುಕು ನಮ್ಮ ಮನೆಯೊಳಗೇ ಬಂದು ಕೂತಿದೆ ಎಂದುಕೊಳ್ಳಿ. ಹಾಗಾಗಿ ಅದನ್ನು ನೋಡಿಕೊಳ್ಳುವ ಹೊಣೆಯೂ ನಮ್ಮ ತಲೆಗೇ ಬಂದಿದೆ.

ಫೋನು ಸತ್ತಾಗ ನಾವು ಮೊದಲು ಮಾಡುವುದು ದೂರು ಕೊಡುವುದು. ಅದಕ್ಕೆ ಮುಂಚೆ ಐದು ನಿಮಿಷ ಕೊಡಿ. ಪೆಟ್ಟಿಗೆಯ ಮೇಲೆ ಎಲ್.ಓ.ಎಸ್. ಎಂದು ಬರೆದ ಕಡೆ ಕೆಂಪು ದೀಪ ಮಿಣುಕುತ್ತಿದ್ದರೆ ಬೆಳಕು ಮನೆಗೆ ತಲುಪುತ್ತಿಲ್ಲ. ಫೈಬರನ್ನು ಯಾರಾದರೂ ಮೊಳೆಗೆ ಸುತ್ತಿ ಮಡಚಿದ್ದಾರೆಯೇ, ಬಾಗಿಲಿಗೆ ಸಿಕ್ಕಿಕೊಂಡಿದೆಯೇ ನೋಡಿ. ಇಲ್ಲವಾದರೆ ದೂರು ಕೊಡಿ, ಅದು ಅವರ ಕೆಲಸ. ಕೆಂಪು ದೀಪವಿಲ್ಲ, ಇಂಟರ್ನೆಟ್ಟೂ ಸರಿಯಾಗಿದೆ, ಫೋನು ಮಾತ್ರ ಇಲ್ಲ ಎಂದಾದರೆ ಮನೆಯ ತಂತಿಯನ್ನು ಪೆಟ್ಟಿಗೆಯಿಂದ ಕಿತ್ತು, ಚೆನ್ನಾಗಿರುವ ಒಂದು ಸಾದಾ ಫೋನನ್ನು ನೇರವಾಗಿ ಅದರ ಫೋನ್ ಕಿಂಡಿಗೆ ಸಿಕ್ಕಿಸಿ. ಟೋನ್ ಬಂತೇ? ಹಾಗಾದರೆ ದೋಷ ನಿಮ್ಮ ಗೋಡೆಯ ಮೇಲಿದೆ. ಬರಲಿಲ್ಲವೇ? ಪೆಟ್ಟಿಗೆಯನ್ನು ಒಮ್ಮೆ ಆರಿಸಿ ಹಚ್ಚಿ ನೋಡಿ. ಆಗಲೂ ಇಲ್ಲದಿದ್ದರೆ ಸಂಸ್ಥೆಯವರನ್ನು ಕರೆಯಿರಿ.

ಗೋಡೆಯ ದೋಷ ಹುಡುಕುವುದಕ್ಕೆ ಮೊದಲು ಎಲ್ಲ ಉಪಕರಣಗಳನ್ನೂ ಕೀಳಿ. ಮಹಡಿಯ ಮೇಲೆ ಯಾರೋ ರಿಸೀವರನ್ನು ಓರೆಯಾಗಿ ಇಟ್ಟಿದ್ದರೂ ಇಡೀ ಮನೆಯ ಫೋನು ಮೂಕವಾಗುತ್ತದೆ! ಆಮೇಲೆ ಒಂದೊಂದಾಗಿ ಸಿಕ್ಕಿಸುತ್ತ ಬನ್ನಿ. ಯಾವುದನ್ನು ಸಿಕ್ಕಿಸಿದಾಗ ಟೋನ್ ಹೋಯಿತೋ ಅದೇ ಕಳ್ಳ. ಟೋನ್ ಇದ್ದೂ ಗಂಟೆ ಮಾತ್ರ ಬಾರಿಸದಿದ್ದರೆ ಉಪಕರಣಗಳು ಹೆಚ್ಚಾಗಿರಬಹುದು. ಹಳೆಯ ಲೋಹದ ಗಂಟೆಯ ಫೋನುಗಳು ನಾಲ್ಕೈದಾದರೆ ಈ ಪುಟ್ಟ ಪೆಟ್ಟಿಗೆಗೆ ಅಷ್ಟನ್ನೂ ಬಾರಿಸುವ ತ್ರಾಣವಿರುವುದಿಲ್ಲ. ನಮ್ಮ ಮನೆಯಲ್ಲಿ ಮಾತಿನ ನಡುವೆ ಕರಕರ ಸದ್ದು ಬರುತ್ತಿತ್ತು. ಎರಡು ಭಾನುವಾರ ಹುಡುಕಿದೆ. ನೀರಿನ ತೊಟ್ಟಿಯ ಕೆಳಗಿನ ಗೋಡೆಯಲ್ಲಿ, ಕ್ಯಾಲೆಂಡರಿನ ಹಿಂದೆ ಒಂದು ಜೋಡಣೆಯ ಡಬ್ಬಿ ಸಿಕ್ಕಿತು. ಅಲ್ಲಿ ಹೀಗೊಂದು ಡಬ್ಬಿಯಿದೆ ಎಂಬುದು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ತೇವಕ್ಕೆ ಸ್ಕ್ರೂಗಳು ಹಸಿರು ಕಿಲುಬು ಹಿಡಿದಿದ್ದವು. ತಂತಿಯ ತುದಿ ಕತ್ತರಿಸಿ, ಹೊಸದಾಗಿ ಸುಲಿದು ಬಿಗಿದ ಮೇಲೆ ಸದ್ದು ನಿಂತಿತು.

ಒಂದು ಎಚ್ಚರಿಕೆಯನ್ನು ಮಾತ್ರ ದಯವಿಟ್ಟು ಮರೆಯಬೇಡಿ. ಹಳೆಯ ಒಳತಂತಿಗೆ ಹೊಸ ಪೆಟ್ಟಿಗೆಯನ್ನು ಜೋಡಿಸುವ ಮೊದಲು, ಬೀದಿಯ ಕಂಬದಿಂದ ಬರುವ ತಾಮ್ರದ ಜೋಡಿಯನ್ನು ಒಳತಂತಿಯಿಂದ ಪೂರ್ತಿಯಾಗಿ ಬೇರ್ಪಡಿಸಿರಬೇಕು. ಸಂಪರ್ಕ ರದ್ದಾಗಿದೆ ಎಂದ ಮಾತ್ರಕ್ಕೆ ಆ ತಂತಿಯಲ್ಲಿ ವಿದ್ಯುತ್ತು ಇಲ್ಲವೆನ್ನಲಾಗದು. ಎಕ್ಸ್‌ಚೇಂಜಿನ 48 ವೋಲ್ಟೂ ಪೆಟ್ಟಿಗೆಯ ವೋಲ್ಟೂ ಎದುರಾದರೆ ಪೆಟ್ಟಿಗೆಯ ಫೋನ್ ಕಿಂಡಿ ಸುಟ್ಟುಹೋಗಬಹುದು. ಸಿಡಿಲಿಗೂ ಅದು ದಾರಿ. ಹೊರಗಿನ ತಂತಿ ವಿದ್ಯುತ್ ತಂತಿಗೆ ತಗುಲಿದ್ದರೂ ತಗುಲಿರಬಹುದು. ಅದನ್ನು ನೀವು ಮುಟ್ಟಬೇಡಿ, ಬಲ್ಲವರಿಂದ ಬಿಡಿಸಿ. ಒಳಗಡೆಯೂ ಪೆಟ್ಟಿಗೆಯನ್ನು ಆರಿಸಿಯೇ ಕೆಲಸ ಮಾಡಿ. ಗಂಟೆ ಬಾರಿಸುವ ಹೊತ್ತಿನ ವೋಲ್ಟೇಜು ಟೋನಿನ ಹೊತ್ತಿನದಕ್ಕಿಂತ ಬಹಳ ಹೆಚ್ಚು, ಕೈಗೆ ಚುರುಕ್ ಎನ್ನಿಸುತ್ತದೆ.

ಇನ್ನು ಕತ್ತಲೆಯ ಮಾತು. ನಮ್ಮಲ್ಲಿ ಇನ್ವರ್ಟರ್ ಇತ್ತು. ಆದರೆ ಪೆಟ್ಟಿಗೆ ಸಿಕ್ಕಿಸಿದ್ದ ಪ್ಲಗ್ಗು ಇನ್ವರ್ಟರಿನ ಸಾಲಿನಲ್ಲಿರಲಿಲ್ಲ! ಎಲೆಕ್ಟ್ರಿಷಿಯನ್ನನ್ನು ಕರೆಸಿ ಆ ಪ್ಲಗ್ಗನ್ನು ಇನ್ವರ್ಟರಿಗೆ ಸೇರಿಸಿದೆವು. ಇನ್ವರ್ಟರ್ ಇಲ್ಲದವರು ಈ ಪೆಟ್ಟಿಗೆಗಳಿಗೆಂದೇ ಮಾರುವ ಸಣ್ಣ ಯು.ಪಿ.ಎಸ್. ತರಬಹುದು, ಬಹುಪಾಲು ಪೆಟ್ಟಿಗೆಗಳಿಗೆ ಬೇಕಾದದ್ದು 12 ವೋಲ್ಟ್, ಆದರೂ ಅಡಾಪ್ಟರಿನ ಮೇಲೆ ಬರೆದದ್ದನ್ನು ಓದಿಯೇ ಕೊಳ್ಳಿ. ಕಾರ್ಡ್‌ಲೆಸ್ ಫೋನಿನ ಪೀಠಕ್ಕೂ ಕರೆಂಟು ಬೇಕು. ಆದ್ದರಿಂದ ವಯಸ್ಸಾದವರ ಮಂಚದ ಪಕ್ಕದಲ್ಲಿ ತಂತಿಯ ಫೋನೇ ಇರಲಿ. ಅದರ ಪಕ್ಕದಲ್ಲಿ 112, 108 ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿ. ಇಷ್ಟಾದ ಮೇಲೂ ಬೀದಿಯಲ್ಲಿ ಫೈಬರ್ ಕತ್ತರಿಸಿಹೋದರೆ ಫೋನಿಲ್ಲ. ತಾಯಿಯವರ ಮೊಬೈಲು ಈಗ ಮಹಡಿಯಲ್ಲಿರುವುದಿಲ್ಲ, ಸೊಂಟದ ಚೀಲದಲ್ಲಿರುತ್ತದೆ.

ಎಲ್ಲ ಸರಿಮಾಡಿದ ಮೇಲೆ ಪರೀಕ್ಷೆಗೆಂದು ಮೇನ್ ಸ್ವಿಚ್ ಆರಿಸಿ, ಕೂತಲ್ಲಿಂದಲೇ ನನ್ನ ಮೊಬೈಲಿಗೆ ಕರೆ ಮಾಡಲು ಅವರಿಗೆ ಹೇಳಿದೆ. ಟೋನ್ ಬಂತು, ಕರೆ ಹೋಗಲಿಲ್ಲ. "ನಿನ್ನ ರಿಪೇರಿ ಇಷ್ಟೇನೇನೋ?" ಎಂದರು. ತಪ್ಪು ತಂತಿಯದಲ್ಲ. 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗ ಸಂಖ್ಯೆಯ ಮುಂದೆ ಸೊನ್ನೆ ಒತ್ತಬೇಕು. ಅವರ ಪುಸ್ತಕದಲ್ಲಿದ್ದದ್ದು ಬರಿಯ ಹತ್ತಂಕಿ. ಅಂದು ಸಂಜೆ ಇಬ್ಬರೂ ಕೂತು ಆ ಪುಸ್ತಕದ ಮೊಬೈಲ್ ಸಂಖ್ಯೆಗಳ ಹಿಂದೆಲ್ಲ ಕೆಂಪು ಶಾಯಿಯಲ್ಲಿ ಸೊನ್ನೆ ಬರೆದೆವು.