ರೈಲು ಯಾರ ಸ್ವತ್ತು?

(ಕೊಳ್ಳೇಗಾಲದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)

ನಾವು ಕೊಳ್ಳೇಗಾಲ, ಹನೂರು, ಯಳಂದೂರಿನ ಮಕ್ಕಳು. ರೈಲು ಹತ್ತಬೇಕಾದ್ರೆ ಮೊದಲು ಬಸ್ಸು ಹತ್ತಿ ಚಾಮರಾಜನಗರಕ್ಕೋ ಮೈಸೂರಿಗೋ ಹೋಗಬೇಕು. ‘ಇಲ್ಲದ ರೈಲಿನ ಕಥೆ ನಮಗ್ಯಾಕಣ್ಣ?’ ಅಂತ ನೀವು ಕೇಳಬಹುದು. ಬೇಕು, ಕೇಳಿ.

1876–78ರ ಬರದಲ್ಲಿ ಮೈಸೂರು ಸೀಮೆಯ ಜನ ಅನ್ನವಿಲ್ಲದೆ ಸತ್ತರು. ಹಸಿದವರಿಗೆ ಕೂಲಿ ಅಂತ ಬೆಂಗಳೂರು–ಮೈಸೂರು ರೈಲು ಹಾದಿಗೆ ಮಣ್ಣು ಹೊರಿಸಿದರು. 1882ರಲ್ಲಿ ರೈಲು ಮೈಸೂರು ಮುಟ್ಟಿತು. ರಾಜ್ಯದ ದುಡ್ಡಲ್ಲಿ, ಬಡವರ ಬೆವರಲ್ಲಿ ಆದ ಈ ಹಾದಿಯನ್ನು 1886ರಲ್ಲಿ ನಡೆಸೋಕೆ ಅಂತ ಲಂಡನ್ನಿನ ಸದರ್ನ್ ಮರಾಠಾ ಕಂಪೆನಿಗೆ ಒಪ್ಪಿಸಿದರು. ಅದು ಮೈಸೂರು ಸರ್ಕಾರದ ಕೈಗೆ ವಾಪಸ್ ಬರೋಕೆ ಮೂವತ್ತು ವರ್ಷಕ್ಕೂ ಮೇಲೆ ಹಿಡಿಯಿತು. ಕೊಡೋಕೆ ಒಂದು ಸಹಿ ಸಾಕು. ಬಿಡಿಸಿಕೊಳ್ಳೋಕೆ ಒಂದು ತಲೆಮಾರು ಬೇಕು.

ಬ್ರಿಟಿಷರ ಸೀಮೆಯಲ್ಲಿ ಇನ್ನೂ ಚೆಂದ! ರೈಲು ಕಂಪೆನಿಗಳ ಬಂಡವಾಳಕ್ಕೆ ನೂರಕ್ಕೆ 5ರ ಲಾಭ ಖಾತ್ರಿ. ರೈಲು ನಷ್ಟದಲ್ಲಿ ಓಡಿದರೂ ಸರ್ಕಾರ ಜನರ ತೆರಿಗೆಯಿಂದ ತುಂಬಿಕೊಡಬೇಕು. ಆಗ ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ರೈಲಿನ ಹೊಗೆಯನ್ನೂ ಕಾಣದ ನಮ್ಮ ಹಿರೀಕರ ಕಾಸೂ ಆ ಲಾಭಕ್ಕೆ ಸೇರಿತು.

1925ರಲ್ಲಿ ಎರಡು ದೊಡ್ಡ ಕಂಪೆನಿಗಳ ಆಡಳಿತವನ್ನು ಸರ್ಕಾರ ವಹಿಸಿಕೊಂಡಿತು. ಒಂದೊಂದಾಗಿ ಉಳಿದವೂ ಬಂದವು. 1950ರಲ್ಲಿ ಮೈಸೂರು ರೈಲು ಕೇಂದ್ರಕ್ಕೆ ಸೇರಿತು, 1951ರಲ್ಲಿ ದಕ್ಷಿಣ ರೈಲ್ವೆ ಹುಟ್ಟಿತು.

ಸರ್ಕಾರದ್ದಾದ ಮಾತ್ರಕ್ಕೆ ನಮ್ಮದಾಯಿತೇ? ಬಾಬಾಸಾಹೇಬರು ಹುಡುಗನಾಗಿದ್ದಾಗ, 1901ರಲ್ಲಿ, ಮಸೂರು ಸ್ಟೇಷನ್ನಿನಲ್ಲಿ ಇಳಿದರು. ಮಹಾರರು ಅಂತ ತಿಳಿದದ್ದೇ ಸ್ಟೇಷನ್ ಮಾಸ್ಟರ್ ಹಿಂದೆ ಸರಿದ. ಯಾವ ಗಾಡಿಯವನೂ ಕೂರಿಸಿಕೊಳ್ಳಲಿಲ್ಲ. ಎರಡರಷ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆದುಕೊಂಡು ಹೋದರು. ಆ ಹುಡುಗನೇ ಬೆಳೆದು 1947ರಲ್ಲಿ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ನಲ್ಲಿ ಮುಖ್ಯ ಕೈಗಾರಿಕೆಗಳು ಸರ್ಕಾರದ ಒಡೆತನದಲ್ಲಿರಬೇಕು ಎಂದು ಬರೆದರು. ಸಂವಿಧಾನದ 16(4)ನೇ ವಿಧಿ ಸರ್ಕಾರಿ ಹುದ್ದೆಗೆ ಮೀಸಲಾತಿಯ ದಾರಿ ತೆರೆಯಿತು. ಜಾತಿ ಕೇಳಿ ಹಿಂದೆ ಸರಿದವನ ಕುರ್ಚಿಯಲ್ಲಿ ಇವತ್ತು ನಮ್ಮ ಕೇರಿಯ ಹುಡುಗಿ ಕೂರಬಹುದು, ಹಸಿರು ಬಾವುಟ ತೋರಿಸಬಹುದು.

2020ರಲ್ಲಿ 151 ರೈಲುಗಳನ್ನು ಖಾಸಗಿಯವರಿಂದ ಓಡಿಸೋಕೆ ಸರ್ಕಾರ ಹೊರಟಿತು. ಆ ಯತ್ನ ಮುರಿದುಬಿತ್ತು. ಆಸೆ ಸತ್ತಿದೆ ಅಂತ ನಂಬಬೇಡಿ. ಕಂಪೆನಿಯ ಕುರ್ಚಿಗೆ ಮೀಸಲಾತಿ ಇಲ್ಲ.

ಇನ್ನು ನಮ್ಮ ಹಾದಿ. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರಿನ ಮೇಲೆ ಚಾಮರಾಜನಗರಕ್ಕೆ ರೈಲು ಅಂತ 1996–97ರಲ್ಲಿ ಮಂಜೂರಾಯಿತು. ಇನ್ನೂ ಕಾಗದದ ಮೇಲೇ ಓಡ್ತಾ ಇದೆ. ಲಾಭ ಎಣಿಸುವ ಕಂಪೆನಿ ಹನೂರಿನ ಕಾಡಂಚಿನವರೆಗೆ ಬರೋದಿಲ್ಲ. ಯಾಕೆ ಬರಲಿಲ್ಲ ಅಂತ ಕೊರಳಪಟ್ಟಿ ಹಿಡಿದು ಕೇಳೋಕಾಗೋದು ಸರ್ಕಾರವನ್ನು ಮಾತ್ರ.

ಆದ್ದರಿಂದ ಗೆಳೆಯರೇ, ಎರಡು ಕೆಲಸ. ರೈಲ್ವೆ ಹುದ್ದೆಗೆ ಅರ್ಜಿ ಕರೆದಾಗ ಹಾಸ್ಟೆಲಿನ ಒಬ್ಬರೂ ಬಿಡದಂತೆ ಹಾಕೋಣ. ಹಳಿ ನಮ್ಮೂರಿಗೆ ಬರಲಿ, ಬಂದ ಹಳಿ ಜನರದ್ದಾಗೇ ಉಳಿಯಲಿ ಅಂತ ಬೀದಿಗಿಳಿದು ಕೇಳೋಣ. ಮಣ್ಣು ಹೊತ್ತವರ ಮೊಮ್ಮಕ್ಕಳು ನಾವು. ಭಿಕ್ಷೆ ಕೇಳ್ತಿಲ್ಲ, ಲೆಕ್ಕ ಕೇಳ್ತಿದ್ದೇವೆ.

ಜೈ ಭೀಮ್.